ಗಾಳದ ಉಂಡೆಗೆ ಎಣ್ಣೆ ಎಷ್ಟು?

ಪ್ರಶ್ನೆ: ಬೇಸಿಗೆಯಲ್ಲಿ ಮೀನೆಣ್ಣೆ ಕಲಸಿದ ಉಂಡೆಗೆ ಗೆಂಡೆ ಮೀನು ಚೆನ್ನಾಗಿ ಕಚ್ಚುತ್ತಿತ್ತು. ಚಳಿ ಶುರುವಾದ ಮೇಲೆ ಅದೇ ಉಂಡೆಯನ್ನು ಮೂಸಿಯೂ ನೋಡುತ್ತಿಲ್ಲ. ಎಣ್ಣೆ ಇನ್ನೂ ಜಾಸ್ತಿ ಹಾಕಲಾ?

ಉತ್ತರ: ಬೇಡ, ಕಮ್ಮಿ ಮಾಡಿ. ಎಣ್ಣೆ ನೀರಿನಲ್ಲಿ ಕರಗುವುದಿಲ್ಲ, ನೀರಿಗಿಂತ ಹಗುರ ಬೇರೆ. ಉಂಡೆಯಿಂದ ಬಿಟ್ಟದ್ದು ಹನಿಹನಿಯಾಗಿ ಮೇಲಕ್ಕೆ ಹೋಗುತ್ತದೆಯೇ ಹೊರತು ತಳದಲ್ಲಿ ಅಕ್ಕಪಕ್ಕ ಹರಡುವುದು ತೀರಾ ಕಮ್ಮಿ. ಬೇಸಿಗೆಯಲ್ಲಿ ಅದೂ ಒಳ್ಳೆಯದೇ, ನಡುನೀರಿನಲ್ಲಿ ಓಡಾಡುವ ಮೀನಿಗೂ ಕೆಳಗೇನೋ ಇದೆ ಅಂತ ಸುಳಿವು ಸಿಗುತ್ತದೆ. ಆದರೆ ನೀರು ಸುಮಾರು 10 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾದಾಗ ಮೀನೆಣ್ಣೆ ಮಂದವಾಗಿ ಉಂಡೆಯೊಳಗೇ ಕೂತುಬಿಡುತ್ತದೆ, ಮಿಕ್ಕ ರುಚಿ ಹೊರಗೆ ಬರುವ ದಾರಿಯನ್ನೂ ಮುಚ್ಚುತ್ತದೆ. ಮೀನಿನ ಮೈಬಿಸಿ ನೀರಿನ ಜೊತೆಗೇ ಇಳಿಯುವುದರಿಂದ ಅದಕ್ಕೆ ಹಸಿವೂ ಕಮ್ಮಿ, ಅರಗಿಸುವ ಶಕ್ತಿಯೂ ಕಮ್ಮಿ.

ನಿಮ್ಮ ಎಣ್ಣೆ ಹೇಗಿದೆ ನೋಡಬೇಕಾ? ಒಂದು ಚಮಚ ಫ್ರಿಜ್ಜಿನಲ್ಲಿಟ್ಟು ಬೆಳಿಗ್ಗೆ ಬಗ್ಗಿಸಿ. ಸಲೀಸಾಗಿ ಹರಿದರೆ ಚಳಿಗೂ ಸ್ವಲ್ಪ ಹಾಕಬಹುದು. ಹೆಂಪ್ (ಗಾಂಜಾ ಜಾತಿಯ ಗಿಡ) ಬೀಜದ ಎಣ್ಣೆ ಸಾಮಾನ್ಯವಾಗಿ ಹರಿಯುತ್ತದೆ.

ಚಳಿಗೆ ನನ್ನ ಆಯ್ಕೆ ನೀರಿನಲ್ಲಿ ಕರಗುವ ದ್ರವಗಳು. ಜೋಳದ ಪಿಷ್ಟ ತೆಗೆಯುವಾಗ ಉಳಿಯುವ ಹುಳಿ ರಸ (ಅಂಗಡಿಯವರು ಸಿಎಸ್ಎಲ್ ಅನ್ನುತ್ತಾರೆ), ಈಲಿಯ ಸಾರ, ಕಾಕಂಬಿ. ಮೊದಲೆರಡರಲ್ಲಿ ಅಮೈನೋ ಆಮ್ಲ ಇರುತ್ತದೆ. ಅದು ಕರಗಿ ಹರಡುತ್ತದೆ, ಗೆಂಡೆ ಹುಡುಕುವುದೂ ಅದನ್ನೇ. ಅದರ ಬಾಯಿಯ ಪಕ್ಕ ಎರಡು ಜೊತೆ ಮೀಸೆ ಇವೆಯಲ್ವಾ, ಅವು ಸುಮ್ನೆ ಅಂದಕ್ಕಲ್ಲ, ಅವುಗಳ ತುಂಬ ರುಚಿ ಮೊಗ್ಗುಗಳಿವೆ. ಕಾಕಂಬಿಗೆ ಇನ್ನೊಂದು ಗುಣ: ನೀರಿಗಿಂತ ಭಾರ, ಹಾಗಾಗಿ ತಳದಲ್ಲೇ ಉಳಿಯುತ್ತದೆ. ಎಣ್ಣೆ ಬಿಡಲು ಮನಸ್ಸೇ ಇಲ್ಲ ಅಂದರೆ ಲೆಸಿಥಿನ್ (ಎಣ್ಣೆ ನೀರಿನಲ್ಲಿ ಬೆರೆಯಲು ನೆರವಾಗುವ ವಸ್ತು) ಜೊತೆ ಕಲಸಿ ಹಾಕಿ, ಎಣ್ಣೆ ಸಣ್ಣ ಹನಿಗಳಾಗಿ ಒಡೆದು ಸ್ವಲ್ಪವಾದರೂ ಹರಡುತ್ತದೆ.

ಪ್ರಶ್ನೆ: ಉಂಡೆ ಕಟ್ಟುವಾಗ ಹಿಟ್ಟು ಬಿರಿಯುತ್ತದೆ. ಎಣ್ಣೆಯ ಅಳತೆ ಹೇಳಿ. ಲವಂಗದೆಣ್ಣೆಯೂ ಅಷ್ಟೇ ಹಾಕಬಹುದಾ?

ಉತ್ತರ: ಒಂದು ಕೆಜಿ ಒಣ ಹಿಟ್ಟಿಗೆ ನಾನು 40 ಮಿಲಿ ಎಣ್ಣೆ ದಾಟುವುದಿಲ್ಲ. ಮೊದಲು ಮೊಟ್ಟೆ ಒಡೆದು ಅದರಲ್ಲೇ ಎಣ್ಣೆ ಕದಡಿ, ಆಮೇಲೆ ಹಿಟ್ಟು. ಹಿಟ್ಟಿಗೇ ನೇರ ಎಣ್ಣೆ ಸುರಿದರೆ ಅದು ಕಣಕಣಕ್ಕೂ ಅಂಟಿಕೊಂಡು ಒಳಗೆ ನೀರು ಹೋಗಲು ಬಿಡುವುದಿಲ್ಲ, ಆಮೇಲೆ ಎಷ್ಟು ನಾದಿದರೂ ಬಿರಿಯುತ್ತದೆ.

ಲವಂಗದೆಣ್ಣೆ ವಿಷಯ ಬೇರೆ, ಅದು ಹನಿ ಲೆಕ್ಕ. ಕೆಜಿಗೆ ಐದಾರು ಹನಿ ಸಾಕು. ನಾನೊಮ್ಮೆ ಧಾರಾಳವಾಗಿ ಒಂದು ಚಮಚ ಹಾಕಿದ್ದೆ. ಮನೆಯೆಲ್ಲ ಹಲ್ಲಿನ ಡಾಕ್ಟರ ಕೋಣೆಯ ವಾಸನೆ, ಇಡೀ ದಿನ ಕೂತರೂ ಒಂದು ಮೀನೂ ಮುಟ್ಟಲಿಲ್ಲ.

ಪ್ರಶ್ನೆ: ಉಂಡೆ ತುಂಬಿ ಗಾಳದ ಜೊತೆ ಎಸೆಯುವ ಪಿವಿಎ ಚೀಲ (ನೀರಿನಲ್ಲಿ ಕರಗುವ ಪ್ಲಾಸ್ಟಿಕ್ಕಿನದು) ಕಾಕಂಬಿ ಹಾಕಿದರೆ ಎಸೆಯುವ ಮೊದಲೇ ಕರಗುತ್ತದೆ. ಏನು ಮಾಡಲಿ?

ಉತ್ತರ: ಕಾಕಂಬಿಯಲ್ಲಿ ನೀರಿನಂಶ ಇದೆ, ಪಿವಿಎ ಕರಗುವುದೇ ನೀರಿಗೆ. ಎಣ್ಣೆಗೆ ಕರಗುವುದಿಲ್ಲ, ಚೀಲಕ್ಕೆ ಅದನ್ನೇ ಹಾಕಿ. ಕಾಕಂಬಿಯೇ ಬೇಕೆಂದರೆ ಹಿಂದಿನ ದಿನವೇ ಉಂಡೆಗಳಿಗೆ ಸವರಿ, ಪೂರ್ತಿ ಹೀರಿ ಮೇಲ್ಮೈ ಒಣಗಿದ ಮೇಲೆ ತುಂಬಿ. ಹೊಸ ದ್ರವ ಯಾವುದೇ ಇರಲಿ, ಚೀಲದ ಒಂದು ಚೂರನ್ನು ಮನೆಯಲ್ಲೇ ಅದರಲ್ಲಿ ಅದ್ದಿ ಹತ್ತು ನಿಮಿಷ ನೋಡಿ.