ಐದನೇ ತಿಂಗಳ ಸ್ಕ್ಯಾನ್ ನಾರ್ಮಲ್ ಬಂದರೆ ಸಿಎಂವಿ ಚಿಂತೆ ಬಿಡಬಹುದಾ?

10ನೇ ವಾರದಲ್ಲಿ ಜ್ವರ, ಸಿಎಂವಿ (ಸೈಟೊಮೆಗಾಲೋವೈರಸ್, ತಾಯಿಯಿಂದ ಹೊಟ್ಟೆಯಲ್ಲಿರುವ ಮಗುವಿಗೂ ತಗುಲಬಹುದಾದ ವೈರಸ್) ಐಜಿಎಂ (ಸೋಂಕು ಇತ್ತೀಚಿನದಿರಬಹುದು ಅಂತ ಸುಳಿವು ಕೊಡುವ ರಕ್ತ ಪರೀಕ್ಷೆ) ಪಾಸಿಟಿವ್, 20ನೇ ವಾರದ ಸ್ಕ್ಯಾನ್ ನಾರ್ಮಲ್, ಇನ್ನು ಅಮ್ನಿಯೋ (ಮಗುವಿನ ಸುತ್ತಲಿನ ನೀರು ಸೂಜಿಯಿಂದ ತೆಗೆದು ಮಾಡುವ ಪರೀಕ್ಷೆ) ಯಾಕೆ ಅಂತ ಕೇಳಿದ್ದೀರಿ. ಆರು ವರ್ಷದ ಹಿಂದೆ ನನ್ನದೂ ಹೆಚ್ಚುಕಮ್ಮಿ ಇದೇ ಕಥೆ.

ದೊಡ್ಡ ಮಗ ಆಗ ಅಂಗನವಾಡಿಗೆ ಹೋಗುತ್ತಿದ್ದ. ಅವನು ತಟ್ಟೆಯಲ್ಲಿ ಬಿಟ್ಟ ಎಂಜಲು ಅನ್ನ ನಾನೇ ತಿನ್ನುತ್ತಿದ್ದೆ. ಯಾವ ತಾಯಿ ತಿನ್ನಲ್ಲ ಹೇಳಿ? ಚಿಕ್ಕ ಮಕ್ಕಳ ಜೊಲ್ಲು, ಮೂತ್ರದಿಂದ ಈ ವೈರಸ್ ಹರಡುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಮೂರನೇ ತಿಂಗಳಲ್ಲಿ ಮೂರು ದಿನ ಜ್ವರ, ಮೈಕೈ ನೋವು. ಪ್ಯಾರಾಸಿಟಮಾಲ್ ನುಂಗಿದೆ, ಹೋಯಿತು.

ಐದನೇ ತಿಂಗಳ ಸ್ಕ್ಯಾನಿಂಗ್‌ಗೆ ಹೋದಾಗ ನರ್ಸ್ ಫಾರ್ಮ್ ತುಂಬುತ್ತಾ ಕೇಳಿದರು, "ಜ್ವರ, ದದ್ದು ಏನಾದ್ರೂ ಬಂದಿತ್ತಾ?" ಅತ್ತೆ ಪಕ್ಕದಲ್ಲೇ ಕೂತಿದ್ದರು. "ಇಲ್ಲ" ಅಂದುಬಿಟ್ಟೆ. ಸುಳ್ಳು ಹೇಳಬೇಕು ಅಂತಲ್ಲ. ಮೂರು ದಿನದ ಜ್ವರವೂ ಒಂದು ಕಾಯಿಲೆಯಾ ಅಂತ. ಆ ಒಂದು "ಇಲ್ಲ"ದಿಂದ ರಕ್ತ ಪರೀಕ್ಷೆ ಯಾರೂ ಬರೆಯಲಿಲ್ಲ. ನಾಲ್ಕು ವಾರ ಬಿಟ್ಟು ಬನ್ನಿ ಅಂತಲೂ ಯಾರೂ ಹೇಳಲಿಲ್ಲ. ಎಲ್ಲ ಮಕ್ಕಳ ತಲೆ ನೋಡುವ ಹಾಗೇ ನನ್ನ ಮಗುವಿನದ್ದೂ ನೋಡಿದರು. ಹುಡುಕಬೇಕು ಅಂತ ಗೊತ್ತಿದ್ದರೆ ತಾನೇ ಹುಡುಕೋದು? ರಿಪೋರ್ಟನ್ನು ತಾಯಿ ಕಾರ್ಡಿಗೆ ಪಿನ್ ಮಾಡಿಕೊಂಡು ಆರಾಮಾಗಿದ್ದೆ.

32ನೇ ವಾರ, ಸುಮ್ನೆ ತೂಕ ನೋಡಲು ಸ್ಕ್ಯಾನ್. ಮಗುವಿನ ಮೆದುಳಿನೊಳಗೆ ನೀರು ತುಂಬಿರುವ ಜಾಗದ ಅಗಲ 10 ಮಿಲಿಮೀಟರ್ ಒಳಗಿರಬೇಕಂತೆ. ನಮ್ಮದು 13. ಅದರ ಅಂಚಿಗೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ. ಡಾಕ್ಟರ್ ಸ್ಕ್ರೀನ್ ನೋಡುತ್ತಲೇ ಕೇಳಿದರು, "ಜ್ವರ ಬಂದಿತ್ತೇನಮ್ಮಾ?"

ಅದಕ್ಕೇ ಹೇಳ್ತೀನಿ, ಸ್ಕ್ಯಾನ್ ನಾರ್ಮಲ್ ಅಂದ ಮಾತ್ರಕ್ಕೆ ಮುಗಿಯಿತು ಅನ್ನೋದೇ ತಪ್ಪು. ವೈರಸ್ ತಾಯಿಯಿಂದ ಮಾಸಿಗೆ, ಅಲ್ಲಿಂದ ಮಗುವಿಗೆ, ಆಮೇಲೆ ಮೆದುಳಿಗೆ ಹೋಗಲು ವಾರಗಟ್ಟಲೆ ಹಿಡಿಯುತ್ತದೆ. 20ನೇ ವಾರದಲ್ಲಿ ಮೆದುಳು ಇನ್ನೂ ನುಣ್ಣಗಿರುತ್ತದೆ. ಮಡಿಕೆಗಳು ಚೆನ್ನಾಗಿ ಮೂಡುವುದೇ ಆಮೇಲೆ. ಇನ್ನೂ ಮೂಡದ ಮಡಿಕೆಯಲ್ಲಿ ದೋಷ ಹೇಗೆ ಕಾಣಬೇಕು?

ಐಜಿಎಂ ಒಂದಕ್ಕೇ ಹೆದರಬೇಡಿ, ಅದು ತಿಂಗಳುಗಟ್ಟಲೆ ಪಾಸಿಟಿವ್ ಇರಬಹುದು. ಸೋಂಕು ಹೊಸದೋ ಹಳೆಯದೋ ಅಂತ ತಿಳಿಸುವ ಐಜಿಜಿ ಅವಿಡಿಟಿ ಅನ್ನೋ ರಕ್ತ ಪರೀಕ್ಷೆ ಕೇಳಿ. ಸೋಂಕು ಹೊಸದು ಅಂತಾದರೆ, ನಾನಾಗಿದ್ದರೆ ಅಮ್ನಿಯೋ ಮಾಡಿಸಿಯೇ ತೀರುತ್ತಿದ್ದೆ. 21 ವಾರ ತುಂಬಿ, ಸೋಂಕಾಗಿ 8 ವಾರ ಕಳೆದಿದ್ದರೆ ಆ ನೀರಿನಲ್ಲಿ ವೈರಸ್ ಹುಡುಕುವ ಪಿಸಿಆರ್ ಪರೀಕ್ಷೆ ನಂಬಬಹುದು. ಪಾಸಿಟಿವ್ ಬಂದರೂ ಎಲ್ಲ ಮಕ್ಕಳಿಗೂ ತೊಂದರೆ ಆಗಲ್ಲ. ಆದರೆ ಆಗ ಫೀಟಲ್ ಮೆಡಿಸಿನ್ (ಹೊಟ್ಟೆಯಲ್ಲಿರುವ ಮಗುವಿನ ತೊಂದರೆ ನೋಡುವ) ಡಾಕ್ಟರ್ ಹತ್ತಿರ 2-4 ವಾರಕ್ಕೊಮ್ಮೆ ಸ್ಕ್ಯಾನ್, 32ನೇ ವಾರದ ಹೊತ್ತಿಗೆ ಎಂಆರ್‌ಐ ಅಂತ ಒಂದು ದಾರಿ ಇರುತ್ತದೆ.

ಮಗಳು ಹುಟ್ಟಿದ ವಾರದಲ್ಲೇ ಸಿಎಂವಿಗಾಗಿ ಅವಳ ಮೂತ್ರ ಪರೀಕ್ಷೆ ಮಾಡಿಸಿದೆವು, ಪಾಸಿಟಿವ್ ಬಂತು. 21 ದಿನ ದಾಟಿದರೆ ಸೋಂಕು ಹೊಟ್ಟೆಯಲ್ಲಿದ್ದಾಗ ಆಗಿದ್ದೋ ಆಮೇಲೋ ಅಂತ ಹೇಳಲು ಬರಲ್ಲ. ಆರು ತಿಂಗಳು ವಾಲ್‌ಗ್ಯಾನ್‌ಸೈಕ್ಲೋವಿರ್ ಅನ್ನೋ ವೈರಸ್ ಔಷಧಿ ಕುಡಿಸಿದೆವು. ಈ ವೈರಸ್ ಕಿವಿಯನ್ನೂ ಕೆಡಿಸಬಹುದು, ಈಗ ಅವಳ ಎರಡೂ ಕಿವಿಗೆ ಮಷೀನ್ ಇದೆ. ಮೊದಲೇ ಹೇಳಿದ್ದರೆ ಕಿವಿ ಉಳಿಯುತ್ತಿತ್ತು ಅನ್ನಲ್ಲ. ಆದರೆ ನಡುವಿನ ಆ 12 ವಾರ ನಮ್ಮ ಕೈಯಲ್ಲಿರುತ್ತಿತ್ತು.

ನಿಮಗೆ ಸ್ಕ್ಯಾನ್ ಮಾಡಿದ ಡಾಕ್ಟರ್ ಆ ಐಜಿಎಂ ರಿಪೋರ್ಟ್ ನೋಡಿದ್ದಾರಾ? ಇಲ್ಲ ಅಂದರೆ ನಾಳೆಯೇ ತೆಗೆದುಕೊಂಡು ಹೋಗಿ.