ಆ್ಯಪ್ ತೆಗೆದರೂ ಫೋನ್ ಯಾಕೆ ನಿಲ್ಲುತ್ತಿಲ್ಲ?

ಚಳ್ಳಕೆರೆಯ ಓದುಗರೊಬ್ಬರು ಬರೆದಿದ್ದಾರೆ (ಹೆಸರು ಹಾಕಬೇಡಿ ಅಂದಿದ್ದಾರೆ): "ಮಗಳನ್ನು ದಾವಣಗೆರೆಯಲ್ಲಿ ಪಿಯುಗೆ ಸೇರಿಸಿದೆ. ಫೀಸಿಗೆ 40 ಸಾವಿರ ಕಮ್ಮಿ ಬಿತ್ತು, ಒಂದು ಸಾಲದ ಆ್ಯಪ್ ಹಾಕಿಕೊಂಡೆ. ಬಡ್ಡಿ ನೋಡಿ ಬೇಡ ಅನ್ನಿಸಿ ಆ್ಯಪ್ ತೆಗೆದೆ. ಆದರೂ ದಿನಾ ಯಾವ್ಯಾವುದೋ ಕಂಪನಿಯವರು ಫೋನ್ ಮಾಡ್ತಾರೆ, ನನ್ನ ಸಂಬಳವನ್ನೂ ಹೇಳ್ತಾರೆ. ಫೋನ್ ಹ್ಯಾಕ್ ಆಗಿದೆಯಾ?"

ಹ್ಯಾಕ್ ಆಗಿರುವ ಸಾಧ್ಯತೆ ಕಮ್ಮಿ. ಬೇಜಾರು ಮಾಡ್ಕೋಬೇಡಿ, ಒಪ್ಪಿಗೆ ಕೊಟ್ಟವರು ನೀವೇ. ನೀವು ಕಳಿಸಿದ ಸ್ಕ್ರೀನ್‌ಶಾಟನ್ನು ದೊಡ್ಡದು ಮಾಡಿ ನೋಡಿದೆವು. 'ಮುಂದುವರಿಯಿರಿ' ಅನ್ನುವ ದಪ್ಪ ಹಸಿರು ಬಟನ್ನಿನ ಮೇಲೆ, ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ, "ನನ್ನ ಮಾಹಿತಿಯನ್ನು ಪಾಲುದಾರ ಸಂಸ್ಥೆಗಳ ಜೊತೆ ಹಂಚಿಕೊಳ್ಳಲು ಒಪ್ಪಿದ್ದೇನೆ" ಅಂತ ಒಂದು ಸಾಲಿದೆ, ಅದರ ಪಕ್ಕದ ಟಿಕ್ ಮೊದಲೇ ಬಿದ್ದಿದೆ. ಪಾಲುದಾರರು ಯಾರು, ಎಷ್ಟು ಜನ ಅಂತ ಅಲ್ಲಿ ಬರೆದಿಲ್ಲ. ನಿಮಗೆ ಫೋನ್ ಮಾಡುತ್ತಿರುವವರು ಬಹುಶಃ ಇವರೇ.

ಸಂಬಳ ಹೇಗೆ ಗೊತ್ತಾಯ್ತು? ಅರ್ಜಿಯಲ್ಲಿ ನೀವೇ ಬರೆದಿರಬಹುದು. ಎಸ್ಎಂಎಸ್ ಓದಲು ಅನುಮತಿ ಕೊಟ್ಟಿದ್ದರೆ ಅದೂ ಬೇಕಿಲ್ಲ. ಸಂಬಳ ಜಮಾ, ಕರೆಂಟ್ ಬಿಲ್, ಚೆಕ್ ಬೌನ್ಸ್, ಎಲ್ಲಾ ಬ್ಯಾಂಕಿನ ಮೆಸೇಜಲ್ಲೇ ಇರುತ್ತದೆ ಅಲ್ವಾ. ಅದನ್ನು ಸೋಸಿ ತೆಗೆದರೆ ನಿಮ್ಮ ಮನೆಯ ಲೆಕ್ಕ ಮನೆಯವರಿಗಿಂತ ಚೆನ್ನಾಗಿ ಅವರಿಗೆ ಗೊತ್ತಿರುತ್ತದೆ.

ನಿಯಮ ಇಲ್ಲ ಅಂತಲ್ಲ. ಸಾಲದ ಆ್ಯಪ್‌ಗಳು ಕಾಂಟ್ಯಾಕ್ಟ್ಸ್, ಕಾಲ್ ಲಾಗ್, ಫೋಟೋ-ಫೈಲುಗಳನ್ನು ಮುಟ್ಟಬಾರದು ಅಂತ ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ, 2025ರ ಮೇ ತಿಂಗಳ ನಿರ್ದೇಶನದಲ್ಲೂ ಅದೇ ಇದೆ. ಕ್ಯಾಮೆರಾ, ಮೈಕ್, ಲೊಕೇಶನ್ ಕೆವೈಸಿಗೆ ಒಂದು ಸಲ ಮಾತ್ರ, ಅದೂ ನಿಮ್ಮನ್ನು ಕೇಳಿ. ಆದರೆ ಹಂಚಿಕೆಗೆ ನೀವೇ 'ಹೂಂ' ಅಂದಿದ್ದೀರಿ ಅಂತ ಅವರು ತೋರಿಸಿಬಿಟ್ಟರೆ ವಾದ ಉದ್ದ ಆಗುತ್ತದೆ. ಮೊದಲೇ ಬಿದ್ದ ಟಿಕ್ಕನ್ನು ಒಪ್ಪಿಗೆ ಅನ್ನೋದು ನಮ್ಮ ಪ್ರಕಾರ ಶುದ್ಧ ಮೋಸ. ವೈಯಕ್ತಿಕ ಮಾಹಿತಿ ರಕ್ಷಣೆಯ 2023ರ ಡೇಟಾ ಕಾಯ್ದೆ ಕೂಡ ಒಪ್ಪಿಗೆ ಸ್ಪಷ್ಟವಾಗಿರಬೇಕು ಅನ್ನುತ್ತದೆ, ಅದನ್ನು ಮುರಿದರೆ ದಂಡ 50 ಕೋಟಿ ರೂಪಾಯಿವರೆಗೂ ಇದೆ, ಆದರೆ ಅದರ ನಿಯಮ ಬಂದಿದ್ದೇ 2025ರ ನವೆಂಬರ್‌ನಲ್ಲಿ, ಮುಖ್ಯ ಭಾಗ ಜಾರಿಯಾಗೋದು 2027ರ ಮೇ ತಿಂಗಳಿಗೆ. ಅಲ್ಲಿವರೆಗೆ ಫೋನ್ ಎತ್ತುತ್ತಾ ಕೂರಬೇಕಾ?

ಬೇಡ. ಆ್ಯಪ್ ತೆಗೆದರೆ ನಿಮ್ಮ ಫೋನಿನಿಂದ ಹೋಗುತ್ತದೆ ಅಷ್ಟೇ, ಅವರ ಸರ್ವರ್‌ನಿಂದ ಅಲ್ಲ. ಒಪ್ಪಿಗೆ ವಾಪಸ್ ತಗೊಂಡಿದ್ದೀನಿ, ಡೇಟಾ ಅಳಿಸಿ, ಯಾರ್ಯಾರಿಗೆ ಕೊಟ್ಟಿದ್ದೀರಿ ತಿಳಿಸಿ ಅಂತ ಆ್ಯಪ್‌ನ ದೂರು ಅಧಿಕಾರಿಗೂ, ಅದರ ಹಿಂದಿರುವ ಬ್ಯಾಂಕ್ ಅಥವಾ ಫೈನಾನ್ಸ್ ಕಂಪನಿಗೂ ಇಮೇಲ್ ಮಾಡಿ. ಒಪ್ಪಿಗೆ ವಾಪಸ್ ತಗೊಳ್ಳುವ, ಅಳಿಸಿ ಅನ್ನುವ ಹಕ್ಕು ರಿಸರ್ವ್ ಬ್ಯಾಂಕಿನ ಅದೇ ನಿರ್ದೇಶನದಲ್ಲಿದೆ. ಫೋನಲ್ಲಿ ಹೇಳಿದರೆ ದಾಖಲೆ ಉಳಿಯಲ್ಲ. (ಸಾಲ ತಗೊಂಡವರ ಕೆವೈಸಿಯನ್ನು ಕನಿಷ್ಠ 5 ವರ್ಷ ಇಡಲೇಬೇಕು ಅಂತ ಕಾನೂನಿದೆ, ಅದು ಬೇರೆ ಮಾತು.) ಬ್ಯಾಂಕ್ ಸ್ಟೇಟ್‌ಮೆಂಟನ್ನು ಅಕೌಂಟ್ ಅಗ್ರಿಗೇಟರ್ (ನಿಮ್ಮ ಒಪ್ಪಿಗೆ ಪಡೆದು ಬ್ಯಾಂಕ್ ಮಾಹಿತಿಯನ್ನು ಸಾಲ ಕೊಡುವವರಿಗೆ ದಾಟಿಸುವ ಮಧ್ಯವರ್ತಿ ಸಂಸ್ಥೆ) ಮೂಲಕ ಕೊಟ್ಟಿದ್ದರೆ ಅಲ್ಲೂ ಹೋಗಿ ಒಪ್ಪಿಗೆ ರದ್ದು ಮಾಡಿ. ಇದನ್ನು ಜಾಸ್ತಿ ಜನ ಮರೆಯುತ್ತಾರೆ. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ದೂರು ವಿಚಾರಣಾ ಅಧಿಕಾರಿ, ಅಂದರೆ ಒಂಬುಡ್ಸ್‌ಮನ್‌ಗೆ ದೂರು ಕೊಡಿ, ಖರ್ಚಿಲ್ಲ.

ಆ ಆ್ಯಪ್ ಬೆನ್ನಿಗೆ ಬ್ಯಾಂಕ್, ಫೈನಾನ್ಸ್ ಕಂಪನಿ ಯಾವುದೂ ಇಲ್ಲದಿದ್ದರೆ ಪತ್ರ ಬರೆದು ಪ್ರಯೋಜನ ಇಲ್ಲ. ಬೆದರಿಕೆ ಬಂದರೆ ನೇರ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಆ್ಯಪ್ ಅಸಲಿಯಾ ಅಂತ ನೋಡಲು 2025ರ ಜುಲೈಯಿಂದ ರಿಸರ್ವ್ ಬ್ಯಾಂಕ್ ವೆಬ್‌ಸೈಟಿನಲ್ಲೇ ಪಟ್ಟಿ ಇದೆ.

ಕೊನೆಗೊಂದು, ನೀವು ಕೇಳಿಲ್ಲ. ಪ್ಯಾನ್, ಆಧಾರ್ ಎರಡೂ ಕೊಟ್ಟಿದ್ದೀರಿ, ಹಾಗಾಗಿ ನಿಮ್ಮ ಹೆಸರಲ್ಲಿ ಬೇರೆ ಯಾರಾದರೂ ಸಾಲ ಎತ್ತಿದ್ದಾರಾ ನೋಡಿಕೊಳ್ಳಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಈ ನಾಲ್ಕು ಕಂಪನಿಗಳು ಎಲ್ಲರ ಸಾಲದ ದಾಖಲೆ ಇಡುತ್ತವೆ, ಪ್ರತಿಯೊಂದೂ ವರ್ಷಕ್ಕೆ ಒಂದು ವರದಿ ಪುಕ್ಕಟೆ ಕೊಡಬೇಕು. ಗೊತ್ತಿಲ್ಲದ ಸಾಲ ಕಂಡರೆ ಅವತ್ತೇ ಆ ಕಂಪನಿಗೆ ದೂರು ಹಾಕಿ. 30 ದಿನದೊಳಗೆ ಸರಿಮಾಡದಿದ್ದರೆ ಆಮೇಲಿನ ಪ್ರತಿ ದಿನಕ್ಕೂ ಅವರು ನಿಮಗೆ 100 ರೂಪಾಯಿ ಕೊಡಬೇಕು.

– ಸಂ.