ಅಪ್ಪಂಗೆ ಅನ್ನನಾಳದ ಕ್ಯಾನ್ಸರ್ ಆಪರೇಷನ್ ಆದ್ಮೇಲೆ ಹಸಿವಿಲ್ಲ, ಹಸಿವಿನ ಹಾರ್ಮೋನ್‌ನಿಂದ ಕ್ಯಾನ್ಸರ್ ಬೆಳೆಯುತ್ತಾ?
ನಿಮ್ಮ ತಂದೆಗೆ ಹಸಿವಾಗ್ದೆ ಇರೋದಕ್ಕೆ ಬಹುಶಃ ಗ್ರೆಲಿನ್ ಕಮ್ಮಿಯಾಗಿರೋದೇ ಕಾರಣ, ಹಸಿವು ಹುಟ್ಟಿಸೋ ಈ ಹಾರ್ಮೋನ್ ಹೆಚ್ಚಾಗಿ ಜಠರದ ಮೇಲ್ಭಾಗದಲ್ಲಿ ತಯಾರಾಗೋದು, ಆಪರೇಷನ್ನಲ್ಲಿ ಜಠರಾನೇ ಕೊಳವೆ ಥರ ಮಾಡಿ ಎದೆಯೊಳಗೆ ಎಳೆದು ಕೂರಿಸ್ತಾರಲ್ಲ, ಮೆದುಳಿಂದ ಹೊಟ್ಟೆಗೆ ಬರೋ ವೇಗಸ್ ನರಾನೂ ಕಟ್ಟಾಗುತ್ತೆ. ಕ್ಯಾನ್ಸರ್ ಬೆಳೆಸುತ್ತೆ ಅಂತ ನೀವು ಓದಿರೋದು ಲೆಪ್ಟಿನ್ ಬಗ್ಗೆ ಇರ್ಬೇಕು. ಅದು ಬೇರೇನೇ, ಕೊಬ್ಬಿನಿಂದ ಬರೋದು, ಹಸಿವು ಕಮ್ಮಿ ಮಾಡೋದು. ಲ್ಯಾಬಲ್ಲಿ ಅಡಿನೋಕಾರ್ಸಿನೋಮಾ (ಗ್ರಂಥಿ ಕೋಶಗಳಲ್ಲಿ ಹುಟ್ಟೋ ಬಗೆಯ ಕ್ಯಾನ್ಸರ್) ಕೋಶಗಳಿಗೆ ಅದನ್ನ ಹಾಕಿದಾಗ ಜಾಸ್ತಿ ಬೆಳೆದಿದ್ದು ನಿಜ, ಆದ್ರೆ ಗಾಜಿನ ತಟ್ಟೇಲಿ ಆಗಿದ್ದು ಮೈಯಲ್ಲೂ ಹಾಗೇ ಆಗುತ್ತೆ ಅನ್ನಕ್ಕಾಗಲ್ಲ. ಅದಕ್ಕೆ ಹೆದರಿ ಊಟ ಮಾತ್ರ ಕಮ್ಮಿ ಮಾಡ್ಬೇಡಿ.

ಮೊದ್ಲು ಬಯಾಪ್ಸಿ ರಿಪೋರ್ಟಲ್ಲಿ ಸ್ಕ್ವಾಮಸ್ (ಒಳಪದರದ ಚಪ್ಪಟೆ ಕೋಶಗಳ ಕ್ಯಾನ್ಸರ್) ಅಂತಿದ್ಯಾ ಅಡಿನೋ ಅಂತಿದ್ಯಾ ನೋಡಿ, ನಮ್ಮ ಕಡೆ ಸ್ಕ್ವಾಮಸ್ಸೇ ಜಾಸ್ತಿ, ಲೆಪ್ಟಿನ್ ಮಾತು ಹೆಚ್ಚಾಗಿ ಅಡಿನೋದ್ದು. ಆಮೇಲೆ ಹಸಿವಿಗೆ ಕಾಯದೆ ಗಡಿಯಾರ ನೋಡ್ಕೊಂಡು 2-3 ಗಂಟೆಗೊಂದ್ಸಲ ಸ್ವಲ್ಪ ಸ್ವಲ್ಪ ಕೊಡಿ, ನಮ್ಮಪ್ಪಂಗೆ ಅರ್ಧ ಇಡ್ಲಿ ಕಿವುಚಿ ತುಪ್ಪ ಹಾಕಿ ಚಮಚದಲ್ಲಿ ಕೊಡ್ತಿದ್ವಿ, ಅಷ್ಟಕ್ಕೇ ಸಾಕು ಅಂತ ಕೈ ಅಡ್ಡ ಇಡೋರು. ನೀರು ಊಟದ ಜೊತೆ ಬೇಡ, ಅರ್ಧ ಗಂಟೆ ಬಿಟ್ಟು ಕೊಡಿ. ತಿಂದ ತಕ್ಷಣ ಮಲಗಿಸ್ಬೇಡಿ. ಹಸಿವಿನ ಟಾನಿಕ್ಕು ಡಾಕ್ಟರನ್ನ ಕೇಳದೆ ತರ್ಬೇಡಿ. ವಾರಕ್ಕೊಂದ್ಸಲ ತೂಕ ಬರೆದಿಡಿ, ಇಳೀತಾನೇ ಇದ್ರೆ ಅಥವಾ ನುಂಗಕ್ಕೆ ಕಷ್ಟ ಆದ್ರೆ ಮುಂದಿನ ಚೆಕಪ್ ತನಕ ಕಾಯದೆ ಸರ್ಜನ್‌ಗೆ ತೋರಿಸಿ.